ನಲವತ್ತು ಗಿರಾಕಿಗಳ ಪಂದ್ಯ

ಸ್ಟುಡಿಯೋದ ಕೌಂಟರಿನಿಂದ,
ಶನಿವಾರ, ಹದಿನೆಂಟನೇ ತಾರೀಖು,
ಬೆಳಗಿನ ಗಿರಾಕಿಗಳು ಹೋದ ಮೇಲೆ

ಪ್ರೀತಿಯ ಗುಬ್ಬೀ,

ಹೇಗಿದ್ದೀಯ ಮಗಳೇ? ಕೆಮ್ಮು ನಿಜವಾಗಿ ಹೋಯಿತೇ, ಇಲ್ಲ ನಮ್ಮ ಸಮಾಧಾನಕ್ಕೆ ಹೋಯಿತು ಎಂದು ಬರೆದು ಅಲ್ಲಿ ಇನ್ನೂ ಕೆಮ್ಮುತ್ತಾ ಕೂತಿದ್ದೀಯೇ? ಹೋದ ದೋಣಿಯಲ್ಲಿ ಬಂದ ನಿನ್ನ ಕಾಗದವನ್ನು ನಿನ್ನ ಅಮ್ಮ ಎರಡು ಸಲ, ನಾನು ಮೂರು ಸಲ ಓದಿದೆವು. ಹಕ್ಕಿಗಳ ಕೊಕ್ಕಿನ ಉದ್ದ, ಮೊಟ್ಟೆಯ ಬಣ್ಣ, ಬಂಡೆಯ ಯಾವ ಬಿರುಕಿನಲ್ಲಿ ಎಷ್ಟು ಗೂಡು, ಎಲ್ಲ ಇತ್ತು. ನೀನು ಏನು ತಿನ್ನುತ್ತೀಯ, ಒದ್ದೆ ಬೂಟನ್ನು ಯಾವಾಗ ಬಿಚ್ಚುತ್ತೀಯ, ಅದು ಮಾತ್ರ ಇರಲಿಲ್ಲ. ಹಕ್ಕಿ ಎಣಿಸುವ ಆ ತಂಡದವರು ನಿನ್ನನ್ನು ಫೋಟೋ ತೆಗೆಯಲು ಕರೆದುಕೊಂಡು ಹೋದದ್ದು ಸರಿ, ಹೊಟ್ಟೆಗೂ ಹಾಕುತ್ತಾರೆ ತಾನೇ? ಫೋನು ಹತ್ತದ ದ್ವೀಪ, ಹದಿನೈದು ದಿನಕ್ಕೊಂದು ದೋಣಿ. ಇಲ್ಲಿ ಕೂತು ಏನೆಂದು ಊಹಿಸುವುದು? ಮುಂದಿನ ಕಾಗದದಲ್ಲಿ ಮೊದಲು ನಿನ್ನ ಸಮಾಚಾರ ಬರೆ, ಆಮೇಲೆ ಹಕ್ಕಿಗಳದ್ದು.

ನಾವು ಚೆನ್ನಾಗಿದ್ದೇವೆ. ನಿನ್ನ ಅಮ್ಮನ ಮೊಣಕಾಲು ನೋವು ಮೆಟ್ಟಿಲು ಹತ್ತುವಾಗ ಮಾತ್ರ ಇದೆ, ಇಳಿಯುವಾಗ ಇಲ್ಲವಂತೆ. ಹಾಗಾದರೆ ಇಳಿಯುತ್ತಲೇ ಇರು ಎಂದೆ. ಎರಡು ದಿನ ನನಗೆ ತಣ್ಣಗಿನ ಕಾಫಿ ಸಿಕ್ಕಿತು. ನನಗೆ ಏನೂ ಆಗಿಲ್ಲ, ಓದುವ ಕನ್ನಡಕದ ಒಂದು ಕಡ್ಡಿ ಮುರಿದಿದೆ ಅಷ್ಟೆ, ದಾರ ಕಟ್ಟಿಕೊಂಡಿದ್ದೇನೆ. ಬೀದಿ ಕಡೆಯ ಕಿಟಕಿಗೆ ನೀನು ಹೇಳಿದ್ದ ಬಿಳಿ ಪರದೆ ಹಾಕಿಸಿದ್ದಾಯಿತು. ನೀನು ಹೇಳಿದಾಗ ದಂಡ ಎಂದು ಮೂಗು ಮುರಿದಿದ್ದೆ. ಈಗ ಬೆಳಗ್ಗೆ ಹತ್ತು ಗಂಟೆಗೆ ಆ ಪರದೆಯ ಮೂಲಕ ಬರುವ ಬೆಳಕು ನೋಡಿದರೆ ದೀಪ ಹಾಕಲು ಮನಸ್ಸೇ ಬರುವುದಿಲ್ಲ, ಅಷ್ಟು ಮೆತ್ತಗಿದೆ. ಈ ಒಂದು ವಿಷಯದಲ್ಲಿ ನೀನು ಹೇಳಿದ್ದು ಸರಿ ಎಂದು ಬರವಣಿಗೆಯಲ್ಲಿ ಒಪ್ಪಿಕೊಂಡಿದ್ದೇನೆ, ಕಾಗದ ಜೋಪಾನವಾಗಿ ಇಟ್ಟುಕೋ.

ಈಗ ಪಂದ್ಯದ ವಿಷಯ. ನೀನು ಹೊರಡುವ ಹಿಂದಿನ ದಿನ ನಾವಿಬ್ಬರೂ ಆಡಿದ ಜಗಳವನ್ನು ನೆನೆಸಿಕೊಂಡು ನಿನ್ನ ಅಮ್ಮ ಈಗಲೂ ನಗುತ್ತಾಳೆ. ಹನ್ನೊಂದು ವರ್ಷದಿಂದ ನನ್ನ ಶರ್ಟಿನ ಜೇಬಿನಲ್ಲಿ ಬಾಳುತ್ತಿರುವ ನನ್ನ ಪುಟ್ಟ ಕ್ಯಾಮೆರಾವನ್ನು ನೀನು 'ಅಪ್ಪಾ, ಇದು ಕ್ಯಾಮೆರಾ ಅಲ್ಲ, ಸೋಪಿನ ಡಬ್ಬಿ' ಅಂದೆ. ನೀನು ಸ್ಟುಡಿಯೋಗೆಂದು ಹೊಸದಾಗಿ ತಂದ ದೊಡ್ಡ ಫುಲ್‌ಫ್ರೇಮ್ ಮಿರರ್‌ಲೆಸ್ ಕ್ಯಾಮೆರಾವನ್ನು ನಾನು ಇಸ್ತ್ರಿಪೆಟ್ಟಿಗೆ ಅಂದೆ. ಮಾತಿಗೆ ಮಾತು ಬೆಳೆದು ನೀನು ಫೋಟೋ ಹಾಕುವ ಕವರಿನ ಹಿಂದೆ ನಿಯಮಗಳನ್ನು ಬರೆದು ಹಳೆಯ ಕತ್ತಲೆ ಕೋಣೆಯ ಬಾಗಿಲಿಗೆ ಅಂಟಿಸಿದೆ. ನಲವತ್ತು ಗಿರಾಕಿಗಳು. ಪಾಸ್‌ಪೋರ್ಟ್ ಫೋಟೋ ಲೆಕ್ಕಕ್ಕಿಲ್ಲ. ಒಬ್ಬೊಬ್ಬರನ್ನೂ ಎರಡು ಕ್ಯಾಮೆರಾದಲ್ಲಿ, ಒಂದೇ ಕುರ್ಚಿಯಲ್ಲಿ, ಒಂದೇ ಬೆಳಕಿನಲ್ಲಿ, ಒಂದೇ ಗಳಿಗೆಯಲ್ಲಿ ತೆಗೆಯಬೇಕು. ಎರಡನ್ನೂ ಅಪ್ಪನೇ ತೆಗೆಯಬೇಕು. ಎರಡನ್ನೂ ಪೋಸ್ಟ್‌ಕಾರ್ಡ್ ಅಳತೆಯಲ್ಲಿ ಮುದ್ರಿಸಿ ಕೌಂಟರಿನ ಮೇಲಿಟ್ಟು, ಯಾವುದು ಯಾವುದರದ್ದು ಎಂದು ಹೇಳದೆ, ಗಿರಾಕಿ ಕೈಗೆತ್ತಿಕೊಂಡದ್ದನ್ನು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಬೇಕು. ದೊಡ್ಡದು ಗೆದ್ದರೆ ನಾನು ಕ್ಯಾಮೆರಾದ ಹಿಂದಿನ ನನ್ನ ಸ್ಟೂಲಿನಿಂದ ಇಳಿದು ಫೋಟೋ ತೆಗೆಯುವುದನ್ನು ನಿನಗೆ ಬಿಡಬೇಕು, ನನ್ನ ಸೋಪಿನ ಡಬ್ಬಿ ಗಾಜಿನ ಬೀರುವಿನಲ್ಲಿ ಸತ್ತ ಕ್ಯಾಮೆರಾಗಳ ಸಾಲಿಗೆ ಸೇರಬೇಕು. ಸಣ್ಣದು ಗೆದ್ದರೆ ನನ್ನ ಕೈಲಾಗುವಷ್ಟು ಕಾಲ ಸ್ಟೂಲು ನನ್ನದು, ನೀನು ತುಟಿ ಬಿಚ್ಚಬಾರದು.

ನೀನು ನಗುತ್ತಾ ಬರೆದೆ, ನಾನೂ ನಗುತ್ತಾ ಸಹಿ ಹಾಕಿದೆ. ಆದರೆ ನೀನು ಬಸ್ಸು ಹತ್ತಿದ ಮೇಲೆ ಸ್ಟುಡಿಯೋಗೆ ಬಂದು ಆ ಸ್ಟೂಲನ್ನು ನೋಡುತ್ತಾ ನಿಂತುಬಿಟ್ಟೆ. ಮೂರು ಕಾಲಿನ ಸ್ಟೂಲು, ಅದರಲ್ಲಿ ಒಂದು ಕಾಲು ಗಿಡ್ಡ, ಅಡಿಗೆ ರಟ್ಟಿನ ತುಂಡು. ಅದರ ಮೇಲೆ ಕೂತು ಮೂವತ್ತಾರು ವರ್ಷ ಜನರ ಮುಖ ನೋಡಿದ್ದೇನೆ. ಅದರಿಂದ ಇಳಿದರೆ ನಾನು ಯಾರು? ನಿನಗೆ ಸ್ಟುಡಿಯೋ ಕೊಡಲು ಹಿಂದೆಮುಂದೆ ನೋಡುವವನಲ್ಲ ನಾನು, ಅದು ನಿನ್ನದೇ. ಕೊಟ್ಟ ಮರುದಿನ ಬೆಳಗ್ಗೆ ಎದ್ದು ಏನು ಮಾಡಬೇಕು ಅನ್ನುವುದು ಮಾತ್ರ ಹೆದರಿಕೆ. ಇದನ್ನು ಎದುರಿಗೆ ಹೇಳಲು ಆಗುತ್ತಿರಲಿಲ್ಲ, ನೀನು ದೂರ ಇರುವುದರಿಂದ ಹೇಳುತ್ತಿದ್ದೇನೆ.

ನಿನ್ನ ದೊಡ್ಡ ಕ್ಯಾಮೆರಾದ ಜೊತೆ ನನ್ನ ಮೊದಲ ವಾರ ಹೇಗೆ ಹೋಯಿತು ಎಂದು ಕೇಳು. ಎರಡನೆಯ ದಿನವೇ ಎಲ್ಲೋ ಏನೋ ಒತ್ತಿದೆ, ಪರದೆಯ ಮೇಲಿನ ಅಕ್ಷರಗಳೆಲ್ಲ ಯಾವುದೋ ಗೊತ್ತಿಲ್ಲದ ಭಾಷೆಗೆ ತಿರುಗಿದವು. ಮೂರು ದಿನ ಆ ಭಾಷೆಯಲ್ಲೇ ಕೆಲಸ ಮಾಡಿದೆ. ನಾಲ್ಕು ಸಲ ಕೆಳಗೆ, ಎರಡು ಸಲ ಬಲಕ್ಕೆ ಎಂದು ಬಾಯಿಪಾಠ. ಒಬ್ಬ ಗಿರಾಕಿಯ ಮುಖ ಹಸಿರಾಗಿ ಬಂತು, ಹೊಸ ಕ್ಯಾಮೆರಾದ ವಿಶೇಷ ಇದು ಎಂದು ಅವರನ್ನು ನಂಬಿಸಲು ಹೋಗಿ ಬೈಸಿಕೊಂಡೆ. ಕೊನೆಗೆ ನಿನ್ನ ಅಮ್ಮ ಕೈಪಿಡಿಯ ಚಿತ್ರಗಳನ್ನು ಪರದೆಯ ಚಿತ್ರಗಳಿಗೆ ಒಂದೊಂದಾಗಿ ಹೋಲಿಸಿ ನೋಡಿ, ಸುಮಾರು ಒಂದು ಗಂಟೆ ಹಿಡಿದು, ಅದನ್ನು ಮತ್ತೆ ನಮ್ಮ ಮನೆಯ ಭಾಷೆಗೆ ತಂದಳು. ಆ ಮೆನುವಿನಲ್ಲಿ ಎಷ್ಟು ಪುಟಗಳಿವೆ ಮಗಳೇ! ಅಷ್ಟು ಪುಟದ ಪುಸ್ತಕ ನಾನು ಜನ್ಮದಲ್ಲಿ ಓದಿಲ್ಲ. ನನ್ನ ಸಣ್ಣದರಲ್ಲಿ ಒಂದು ಗುಂಡಿ ಒತ್ತಿದರೆ ಮೂತಿ ಹೊರಗೆ ಬರುತ್ತದೆ, ಇನ್ನೊಂದು ಒತ್ತಿದರೆ ಫೋಟೋ ಬೀಳುತ್ತದೆ. ಮತ್ತೇನು ಬೇಕು?

ಆದರೂ ನ್ಯಾಯ ನ್ಯಾಯವೇ. ನಿನ್ನ ಕ್ಯಾಮೆರಾದ ಒಳ್ಳೆಯ ಗುಣಗಳನ್ನು ಮುಚ್ಚಿಡುವುದಿಲ್ಲ. ಹಳೆಯ ಫಿಲ್ಮಿನ ಒಂದು ಚೌಕಟ್ಟು ಎಷ್ಟು ದೊಡ್ಡದಿತ್ತೋ ಅಷ್ಟೇ ಅಗಲದ ಸೆನ್ಸರ್ ಅದರ ಹೊಟ್ಟೆಯಲ್ಲಿದೆ. ನನ್ನದರ ಸೆನ್ಸರ್ ಹೆಬ್ಬೆರಳಿನ ಉಗುರಿನಷ್ಟು. ಬೆಳಕು ಕುಡಿಯುವ ವಿಷಯದಲ್ಲಿ ಚೊಂಬಿಗೂ ಚಮಚಕ್ಕೂ ಇರುವಷ್ಟು ವ್ಯತ್ಯಾಸ. ಇದು ನನಗೆ ಮೊದಲೇ ಗೊತ್ತಿತ್ತು, ಆದರೆ ಗೊತ್ತಿರುವುದು ಬೇರೆ, ಕಣ್ಣಾರೆ ನೋಡುವುದು ಬೇರೆ. ಹೋದ ತಿಂಗಳು ಒಂದು ಮಧ್ಯಾಹ್ನ ಮೋಡ ಕವಿದು, ಕರೆಂಟೂ ಹೋಗಿ, ಕಿಟಕಿಯ ಬೆಳಕು ಮಾತ್ರ ಉಳಿದಿತ್ತು. ಆಗ ಒಬ್ಬಳು ನರ್ಸ್ ಬಂದಳು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿ, ಸಮವಸ್ತ್ರದಲ್ಲಿ ಒಂದು ಫೋಟೋ ತೆಗೆಸಿ ಅಪ್ಪ ಅಮ್ಮನಿಗೆ ಕಳಿಸಬೇಕಂತೆ. ನಾಳೆ ಬಾ ಎನ್ನಬೇಕು ಎಂದುಕೊಂಡೆ. ನಿನ್ನ ದೊಡ್ಡದು ಆ ಮಬ್ಬಿನಲ್ಲೇ ಅವಳ ಕಣ್ಣು ಹುಡುಕಿ, ಕಣ್ಣಿನ ಸುತ್ತ ಒಂದು ಚೌಕ ಬರೆದು, ಅವಳು ತಲೆ ತಿರುಗಿಸಿದರೂ ಬಿಡದೆ ಹಿಡಿದುಕೊಂಡಿತು. ಕರೆಂಟು ಬಂದ ಮೇಲೆ ಮುದ್ರಿಸಿ ನೋಡಿದರೆ ಮುಖ ಮುಖದ ಹಾಗೇ ಇದೆ, ಬಿಳಿ ಬಟ್ಟೆಯ ಮಡಿಕೆ ಒಂದೊಂದೂ ಕಾಣುತ್ತದೆ, ಹಿಂದಿನ ಗೋಡೆ ಮೆಲ್ಲಗೆ ಕರಗಿಹೋಗಿದೆ. ಸಣ್ಣದು ಫ್ಲಾಶ್ ಹೊಡೆದು ಆ ಹುಡುಗಿಯನ್ನು ಸುಣ್ಣ ಬಳಿದ ಗೋಡೆ ಮಾಡಿತ್ತು. ಅವಳು ದೊಡ್ಡದನ್ನೇ ಎತ್ತಿಕೊಂಡಳು. ಚೀಟಿ ಬರೆದು ಡಬ್ಬಿಗೆ ಹಾಕುವಾಗ ನನಗೂ ಬೇಜಾರಾಗಲಿಲ್ಲ. ಅಷ್ಟು ಚೆನ್ನಾಗಿತ್ತು.

ನಾನು ಸ್ವಲ್ಪ ಮುಂದೆ ಓಡಿದೆ, ಮೊದಲ ಐದು ಗಿರಾಕಿಗಳ ಕಥೆ ಹೇಳಲೇ ಇಲ್ಲ. ಆ ಐದರಲ್ಲಿ ನಾಲ್ಕು ಚೀಟಿ ನಿನ್ನ ಕ್ಯಾಮೆರಾಕ್ಕೆ ಬಿದ್ದವು, ನನ್ನದಕ್ಕೆ ಒಂದು. ಹೀಗೇ ಹೋದರೆ ನೀನು ಬರುವ ಹೊತ್ತಿಗೆ ನಾನು ಸ್ಟೂಲಿನಿಂದ ಇಳಿದು ಬೀದಿ ನೋಡುತ್ತಾ ಕೂರುವುದೇ ಸೈ. ಕೂತು ಯೋಚಿಸಿದಾಗ ಒಂದು ತಪ್ಪು ಹೊಳೆಯಿತು. ನಾನು ಒಬ್ಬನೇ, ಕ್ಯಾಮೆರಾ ಎರಡು. ಒಂದರಲ್ಲಿ ತೆಗೆದು, ಅದನ್ನು ಕೆಳಗಿಟ್ಟು, ಇನ್ನೊಂದನ್ನು ಎತ್ತಿಕೊಳ್ಳುವಷ್ಟರಲ್ಲಿ ಗಳಿಗೆ ಎಲ್ಲಿ ಒಂದೇ ಆಗಿರುತ್ತದೆ? ಜನ ಮೊದಲ ಸಲಕ್ಕೆ ಉಸಿರು ಬಿಗಿಹಿಡಿದಿರುತ್ತಾರೆ, ಎರಡನೆಯ ಸಲಕ್ಕೆ ಬಿಟ್ಟಿರುತ್ತಾರೆ. ಅದೇ ಕುರ್ಚಿ, ಅದೇ ಅಂಗಿ, ಮುಖ ಬೇರೆ. ನಾನು ಸಣ್ಣದನ್ನು ಮೊದಲು ಹಿಡಿಯುತ್ತಿದ್ದೆ, ಬಿಗಿದ ಮುಖವೆಲ್ಲ ಅದರ ಪಾಲಿಗೆ ಬರುತ್ತಿತ್ತು. ಇದು ಅನ್ಯಾಯ ಅನಿಸಿತು. ಎರಡೂ ಒಂದೇ ಗಳಿಗೆಯಲ್ಲಿ ಬೀಳುವಂತೆ ಆರನೆಯ ಗಿರಾಕಿಯಿಂದ ಒಂದು ಏರ್ಪಾಡು ಮಾಡಿಕೊಂಡೆ. ವಿವರ ಕೇಳಬೇಡ, ಪಂದ್ಯ ನ್ಯಾಯವಾಗಲಿ ಎಂದೇ ಮಾಡಿದ್ದು. ಅಲ್ಲಿಂದ ಮುಂದೆ ಗಾಳಿ ತಿರುಗಿತು.

ಬೇಕರಿಯವರ ಕಥೆ ಕೇಳು, ನಿನ್ನ ಇಷ್ಟದ ಬೇಕರಿಯವರು. ಅಂಗಡಿಯ ಗೋಡೆಗೆ ತಮ್ಮದೊಂದು ಫೋಟೋ ಬೇಕು ಎಂದು ಬಂದರು. ನಾನು ದೊಡ್ಡದನ್ನು ಸ್ಟ್ಯಾಂಡಿಗೆ ಏರಿಸಿದ ಕೂಡಲೇ ಕುತ್ತಿಗೆಯ ಗುಂಡಿ ಹಾಕಿಕೊಂಡರು. ಎರಡು ಕೈಯನ್ನೂ ಮೊಣಕಾಲಿನ ಮೇಲಿಟ್ಟು, ತೀರ್ಪು ಕೇಳಲು ಬಂದವರ ಹಾಗೆ ಕೂತರು. ಮೂವತ್ತು ವರ್ಷದಿಂದ ದಿನಾ ಬೆಳಗ್ಗೆ ನನ್ನ ಕೈಗೆ ಬ್ರೆಡ್ ಕೊಡುವ ಮನುಷ್ಯ, ನನ್ನನ್ನೇ ಹೊಸಬನ ಹಾಗೆ ನೋಡಿದರು. ಫೋಟೋದಲ್ಲಿ ಹುಬ್ಬಿನಲ್ಲಿ ಅಂಟಿದ ಹಿಟ್ಟಿನ ಪುಡಿಯೂ ಕಾಣುತ್ತದೆ, ಮೂಗಿನ ಮೇಲಿನ ಒಂದೊಂದು ರಂಧ್ರವೂ ಕಾಣುತ್ತದೆ. ಎಷ್ಟು ಸ್ಪಷ್ಟ ಅಂದರೆ ಕೈ ಹಾಕಿ ಹಿಟ್ಟು ಒರೆಸೋಣ ಅನಿಸುತ್ತದೆ. ಸಣ್ಣದರಲ್ಲಿ ಅವರು ಪಕ್ಕಕ್ಕೆ ತಿರುಗಿ, ಮುಂಗೈಯಿಂದ ಮೂಗು ಉಜ್ಜಿಕೊಳ್ಳುತ್ತಾ, ಕಣ್ಣು ಅರ್ಧ ಮುಚ್ಚಿ ನಗುತ್ತಿದ್ದಾರೆ. ನಿನ್ನ ಅಮ್ಮ ಆಗ ಹಿಟ್ಟು ಹುಳಿ ಬರುವುದರ ಬಗ್ಗೆ ಏನೋ ಕೇಳಿದ್ದಳು. ಎರಡನ್ನೂ ಕೌಂಟರಿನ ಮೇಲಿಟ್ಟೆ. ಬೇಕರಿಯವರು ಯೋಚಿಸಲೇ ಇಲ್ಲ. 'ಇದು ನಾನು. ಆ ಇನ್ನೊಂದು ನಮ್ಮಣ್ಣ ಇದ್ದ ಹಾಗಿದೆ, ಅವನ ಮುಖ ಯಾರಿಗೆ ಬೇಕು' ಅಂದು ಸಣ್ಣದನ್ನು ಎತ್ತಿ ಜೇಬಿಗೆ ಹಾಕಿಕೊಂಡರು. ಅಣ್ಣನ ಜೊತೆ ಅವರು ಮಾತು ಬಿಟ್ಟು ಎಷ್ಟು ವರ್ಷವಾಯಿತು ನಿನಗೇ ಗೊತ್ತಲ್ಲ.

ನನ್ನ ಎದೆ ಉಬ್ಬಿತು, ಸುಳ್ಳು ಯಾಕೆ ಹೇಳಲಿ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನೀನು ನನ್ನ ಕ್ಯಾಮೆರಾ ನೋಡಿ ನಗುತ್ತಿದ್ದೆಯಲ್ಲ, ಆ ಹೆಗ್ಗಣ ಈಗ ದಿನಕ್ಕೊಂದು ಚೀಟಿ ಗೆಲ್ಲುತ್ತಿತ್ತು. ಯಾಕೆ ಗೆಲ್ಲುತ್ತದೆ ಎಂದು ನಾನೇ ಒಂದು ಸಿದ್ಧಾಂತವನ್ನೂ ಕಟ್ಟಿದೆ. ದೊಡ್ಡ ಕ್ಯಾಮೆರಾ ಕಂಡರೆ ಜನ ಎದ್ದು ನಿಂತು ನಮಸ್ಕಾರ ಮಾಡುತ್ತಾರೆ, ಸಣ್ಣದನ್ನು ಕಂಡರೆ ಕೂತು ಮಾತಾಡುತ್ತಾರೆ. ಪೋಸ್ಟ್‌ಕಾರ್ಡ್ ಅಳತೆಯಲ್ಲಿ ಸೆನ್ಸರಿನ ದೊಡ್ಡಸ್ತಿಕೆ ಯಾರಿಗೂ ಗೊತ್ತಾಗುವುದಿಲ್ಲ, ಮುಖದ ಸಡಿಲ ಗೊತ್ತಾಗುತ್ತದೆ. ಈ ಸಿದ್ಧಾಂತವನ್ನು ಬೇಕರಿಯಲ್ಲಿ, ಅಂಚೆ ಕಚೇರಿಯ ಸಾಲಿನಲ್ಲಿ, ಕ್ಷೌರದ ಅಂಗಡಿಯಲ್ಲಿ, ಎಲ್ಲ ಕಡೆ ಹೇಳಿದ್ದೇ ಹೇಳಿದ್ದು. ಕ್ಷೌರದವರು ಕತ್ತರಿ ನಿಲ್ಲಿಸಿ ಕೇಳಿದರು. ನಾನು ನನ್ನ ಬೆನ್ನು ನಾನೇ ತಟ್ಟಿಕೊಂಡು ತಿರುಗಿದೆ.

ಆಮೇಲೆ ದರ್ಜಿ ದಂಪತಿ ಬಂದರು. ಮೂಲೆಯ ಅಂಗಡಿಯ ದರ್ಜಿ, ನಿನ್ನ ಶಾಲೆಯ ಕೋಟು ಹೊಲಿದವರು. ಮದುವೆಯಾಗಿ ಐವತ್ತು ವರ್ಷವಾಯಿತಂತೆ. ತಾವೇ ಹೊಲಿದ ಹೊಸ ಬಟ್ಟೆ ಹಾಕಿಕೊಂಡು ಬಂದಿದ್ದರು, ಇಬ್ಬರದ್ದೂ ಒಂದೇ ಥಾನಿನದ್ದು. ಇಲ್ಲಿ ನಾನೊಂದು ತಪ್ಪು ಮಾಡಿದೆ. ನರ್ಸ್ ಹುಡುಗಿಯ ಹಿಂದಿನ ಗೋಡೆ ಕರಗಿದ್ದು ನೋಡಿ ಅದರ ರುಚಿ ಹತ್ತಿತ್ತಲ್ಲ, ದೊಡ್ಡದರ ಲೆನ್ಸಿನ ಬಾಯನ್ನು ಪೂರ್ತಿ ತೆರೆದಿಟ್ಟಿದ್ದೆ. ದರ್ಜಿ ಮುಂದೆ, ಅವರ ಹೆಂಡತಿ ಒಂದು ಗೇಣು ಹಿಂದೆ ಕೂತಿದ್ದರು. ಕ್ಯಾಮೆರಾ ಹತ್ತಿರದ ಕಣ್ಣನ್ನು ಹಿಡಿಯಿತು. ದರ್ಜಿಯ ಕಣ್ಣು ಗಾಜಿನ ಹಾಗೆ ಬಂತು, ಹೆಂಡತಿಯ ಮುಖ ಮಂಜಾಯಿತು. ಮೂವತ್ತಾರು ವರ್ಷದ ಅನುಭವಿ ಮಾಡುವ ತಪ್ಪಲ್ಲ ಇದು, ಮಾಡಿದೆ. ದರ್ಜಿ ಫೋಟೋವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ ಮೆಲ್ಲಗೆ ಹೇಳಿದರು: 'ನನ್ನ ಕಣ್ಣು ಇಷ್ಟು ಚೆನ್ನಾಗಿ ಬಂದು ಏನು ಮಾಡೋದು ಸ್ವಾಮಿ, ಇವಳೇ ಕಾಣ್ತಾ ಇಲ್ಲವಲ್ಲ.' ನನಗೆ ನೆಲ ಬಿರಿಯಬಾರದೇ ಅನಿಸಿತು. ಸಣ್ಣದರಲ್ಲಿ ಮುಂದಿನದೂ ಹಿಂದಿನದೂ ಎಲ್ಲ ಸಮವಾಗಿ ಸ್ಪಷ್ಟ ಬರುತ್ತದೆ, ಅದರ ಸ್ವಭಾವವೇ ಹಾಗೆ. ಅದರಲ್ಲಿ ಆ ಅಮ್ಮ ಗಂಡನ ತೋಳಿನ ಮೇಲೆ ಉಳಿದಿದ್ದ ಒಂದು ದಾರದ ಎಳೆಯನ್ನು ಹಲ್ಲಿನಿಂದ ಕಚ್ಚಿ ಕತ್ತರಿಸುತ್ತಿದ್ದರು, ಗಂಡ ಹೆಂಡತಿಯ ನೆತ್ತಿಯನ್ನು ನೋಡುತ್ತಿದ್ದರು. ಇಬ್ಬರೂ ತಲೆಗೆ ತಲೆ ತಾಗಿಸಿಕೊಂಡು ಅದನ್ನು ನೋಡಿದರು. ಆಮೇಲೆ ಆ ಅಮ್ಮ 'ಇದನ್ನ ದೊಡ್ಡದು ಮಾಡಿಕೊಡಿ, ಗೋಡೆ ತುಂಬ ಇರಲಿ' ಅಂದರು.

ಅಲ್ಲೇ ನಿನ್ನ ಕಡೆಯ ನ್ಯಾಯ ಮತ್ತೆ ಎದ್ದು ಬಂತು. ಗೋಡೆಯಷ್ಟು ದೊಡ್ಡದು ಮಾಡಲು ಹೋದರೆ ಸಣ್ಣದರ ಬಣ್ಣವೆಲ್ಲ ಕಾಳು ಕಾಳಾಗಿ ಒಡೆಯಿತು, ಆ ದಾರದ ಎಳೆ ಎಲ್ಲಿ ಮಾಯವಾಯಿತೋ ಗೊತ್ತಿಲ್ಲ. ಮೂರು ಸಲ ಮುದ್ರಿಸಿ ಮೂರು ಸಲ ಹರಿದೆ. ಕೊನೆಗೆ ಅವರನ್ನು ಮತ್ತೆ ಕರೆಸಿ, ಲೆನ್ಸಿನ ಬಾಯಿ ಕಿರಿದು ಮಾಡಿ, ಇಬ್ಬರನ್ನೂ ಒಂದೇ ಸಾಲಿನಲ್ಲಿ ಕೂರಿಸಿ ನಿನ್ನ ದೊಡ್ಡದರಲ್ಲಿ ತೆಗೆದುಕೊಟ್ಟೆ. ಅದು ಗೋಡೆಗೆ ಹೋಯಿತು. ಸಣ್ಣದರ ಪೋಸ್ಟ್‌ಕಾರ್ಡ್ ಹೊಲಿಗೆ ಯಂತ್ರದ ಮೇಲೆ, ದಾರದ ಉಂಡೆಗಳ ಪಕ್ಕಕ್ಕೆ ಹೋಯಿತು. ದಿನವಿಡೀ ಕಣ್ಣೆದುರು ಇರುವುದು ಅದೇ ಎಂದು ದರ್ಜಿ ಹೇಳಿದರು. ಹಾಗಾಗಿ ಮಗಳೇ, ಎರಡೂ ಇರಲಿ. ಇಸ್ತ್ರಿಪೆಟ್ಟಿಗೆ ಎಂದು ಕರೆದದ್ದನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಭಾರ ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲು ಆಗುವುದಿಲ್ಲ, ಸಂಜೆಯಾದರೆ ನನ್ನ ಕುತ್ತಿಗೆ ಹೇಳುತ್ತದೆ.

ನಲವತ್ತನೆಯ ಗಿರಾಕಿ ಮೊನ್ನೆ ಬಂದುಹೋದರು. ನಿನ್ನೆ ಬೆಳಗ್ಗೆ ಬಾಗಿಲು ತೆರೆಯುವ ಮೊದಲೇ ಡಬ್ಬಿಯನ್ನು ಕೌಂಟರಿನ ಮೇಲೆ ಸುರಿದು ಎಣಿಸಿದೆ. ಎರಡು ಸಲ ಎಣಿಸಿದೆ. ನಿನ್ನ ದೊಡ್ಡದಕ್ಕೆ ಹದಿನಾರು, ನನ್ನ ಸಣ್ಣದಕ್ಕೆ ಇಪ್ಪತ್ತನಾಲ್ಕು. ಚೀಟಿಗಳನ್ನು ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದೇನೆ, ಬಂದು ನೀನೇ ಎಣಿಸು, ಅನುಮಾನ ಬೇಡ. ನಿನ್ನ ನಿಯಮದ ಪ್ರಕಾರ ಸ್ಟೂಲು ಉಳಿಯಿತು. ನನ್ನ ಸೋಪಿನ ಡಬ್ಬಿ ಈಗಲೂ ಶರ್ಟಿನ ಜೇಬಿನಲ್ಲಿ ಬೆಚ್ಚಗಿದೆ.

ಬೇಕರಿಯವರು ನಿನ್ನನ್ನು ಕೇಳಿದರು ಎಂದು ಹೇಳಲು ಹೇಳಿದ್ದಾರೆ. ದರ್ಜಿ ನಿನ್ನ ಅಳತೆ ಹಳೆಯದೇ ಇದೆಯೇ ಎಂದು ವಿಚಾರಿಸಿದರು, ಇಲ್ಲ, ಹಕ್ಕಿ ನೋಡುತ್ತಾ ಇಳಿದುಹೋಗಿರುತ್ತಾಳೆ ಎಂದೆ. ನಿನ್ನ ಅಮ್ಮ ಉಣ್ಣೆಯ ಟೋಪಿ ಕಳಿಸಿದ್ದಾಳೆ, ಕಿವಿ ಮುಚ್ಚುವ ಹಾಗೆ ಹಾಕಿಕೋ, ಚೆಂದ ಕಾಣುವುದಿಲ್ಲ ಎಂದು ಹಿಂದಕ್ಕೆ ಸರಿಸಬೇಡ, ಅಲ್ಲಿ ನಿನ್ನನ್ನು ನೋಡುವವರು ಹಕ್ಕಿಗಳು ಮಾತ್ರ. ಬಂಡೆಯ ಅಂಚಿಗೆ ಹೋಗುವಾಗ ಹಗ್ಗ ಕಟ್ಟಿಕೋ. ಎಲ್ಲಿದ್ದರೂ ತಣ್ಣಗಿರು ಮಗಳೇ, ನಿನ್ನ ಕೈ ಹಿಡಿದ ಕೆಲಸವೆಲ್ಲ ಹೂವಾಗಲಿ.

ಪಂದ್ಯ ಗೆದ್ದ,
ನಿನ್ನ ಅಪ್ಪ

ತಾ.ಕ.: ಸಹಿ ಹಾಕಿ ಒಮ್ಮೆ ಓದಿದೆ. 'ಪಂದ್ಯ ಗೆದ್ದ' ಅನ್ನುವುದು ಕಣ್ಣಿಗೆ ಚುಚ್ಚುತ್ತಿದೆ. ದೋಣಿಯ ಟಪಾಲನ್ನು ಹನ್ನೆರಡಕ್ಕೆ ಕಟ್ಟುತ್ತಾರೆ, ಬೇಗ ಬೇಗ ಬರೆಯುತ್ತಿದ್ದೇನೆ, ಅಕ್ಷರ ಕ್ಷಮಿಸು. ನಾನು ಗೆದ್ದಿಲ್ಲ ಗುಬ್ಬೀ. ಆರನೆಯ ಗಿರಾಕಿಯಿಂದ ನಲವತ್ತನೆಯವರ ತನಕ ಸಣ್ಣ ಕ್ಯಾಮೆರಾದಲ್ಲಿ ಒಂದು ಫೋಟೋವನ್ನೂ ನಾನು ತೆಗೆದಿಲ್ಲ. ಎಲ್ಲವನ್ನೂ ತೆಗೆದವಳು ನಿನ್ನ ಅಮ್ಮ. ನಾನು ಮಾಡಿದೆ ಎಂದ ಏರ್ಪಾಡು ಅದೇ. ನಾನು ದೊಡ್ಡದರ ಹಿಂದೆ, ಅವಳು ಕಿಟಕಿಯ ಪಕ್ಕ ಸಣ್ಣದನ್ನು ಹಿಡಿದುಕೊಂಡು. ನಾನು ತಲೆ ಆಡಿಸಿದಾಗ ಒತ್ತು, ಅಷ್ಟು ಸಾಕು ಎಂದಿದ್ದೆ. ಅವಳು ನನ್ನ ತಲೆ ನೋಡಲೇ ಇಲ್ಲ, ಅವರ ಮುಖ ನೋಡಿಕೊಂಡು ಒತ್ತಿದ್ದಾಳೆ. ಬೇಕರಿಯವರ ನಗು ಅವಳದ್ದು, ದರ್ಜಿಯ ಅಂಗಿಯ ದಾರ ಅವಳದ್ದು. ನಾನೊಬ್ಬನೇ ಎರಡನ್ನೂ ತೆಗೆದ ಐದರಲ್ಲಿ ಸಣ್ಣದಕ್ಕೆ ಬಿದ್ದದ್ದು ಒಂದೇ ಚೀಟಿ. ಊರಿಡೀ ಸಾರಿದ ಸಿದ್ಧಾಂತ ಬರೀ ಬೊಗಳೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಿನ್ನ ಕ್ಯಾಮೆರಾ ಬಿಗುಮಾನದ್ದು ಎಂದು ನಾನು ಅಂದದ್ದೂ ಹಾಗೆಯೇ. ಅದು ನನ್ನ ಕೈಯಲ್ಲಿ ಸೋತಿತು.

ಮೂವತ್ತಾರು ವರ್ಷ ಅವಳು ಈ ಕೌಂಟರಿನಲ್ಲಿ ಕೂತು ನಾನು ತೆಗೆದದ್ದನ್ನು ಕತ್ತರಿಸಿ, ಚುಕ್ಕೆ ಅಳಿಸಿ, ಕವರಿಗೆ ಹಾಕಿದ್ದಾಳೆ. ಲಕ್ಷ ಮುಖ ನೋಡಿದ್ದಾಳೆ. ಮದುವೆಯಾದ ಹೊಸದರಲ್ಲಿ ಒಂದು ಸಲ, ನಾನೂ ಒಂದು ತೆಗೆಯಲಾ ಎಂದು ಕೇಳಿದ್ದಳು. 'ಫಿಲ್ಮ್ ಹಾಳಾಗುತ್ತೆ' ಅಂದೆ. ಅವಳು ಮತ್ತೆ ಕೇಳಲಿಲ್ಲ. ಫಿಲ್ಮ್ ಹೋಗಿ ಎಷ್ಟೋ ವರ್ಷವಾಯಿತು, ಆಮೇಲೂ ನಾನಾಗಿ ಕೊಡಲಿಲ್ಲ. ಹಿತ್ತಲ ಗಿಡ ಮದ್ದಲ್ಲ. ನಾಚಿಕೆಯಾಗುತ್ತಿದೆ ಮಗಳೇ, ಜೊತೆಗೆ ಹೆಮ್ಮೆಯೂ ಆಗುತ್ತಿದೆ, ಯಾವುದು ಹೆಚ್ಚು ಎಂದು ಕೇಳಬೇಡ.

ನಿನ್ನೆ ಎಣಿಸಿದ ಮೇಲೆ ಯಾವುದು ಗೆದ್ದಿತು ಎಂದು ಕೇಳಿದಳು. ಸಣ್ಣದು ಎಂದೆ. 'ಅಬ್ಬ, ಸದ್ಯ. ನಿಮ್ಮ ಸ್ಟೂಲು ಉಳೀತಲ್ಲ, ಅಷ್ಟು ಸಾಕು ಕಣ್ರೀ' ಅಂದಳು. ತಾನೇ ಗೆದ್ದದ್ದು ಎಂದು ಅವಳಿಗೆ ಹೊಳೆದೇ ಇಲ್ಲ. ಹೇಳಬೇಕು ಎಂದು ಆಗಿನಿಂದ ಮೂರು ಸಲ ಬಾಯಿ ತೆರೆದೆ, ಮೂರು ಸಲವೂ ಕಾಫಿ ಕೇಳಿದೆ. ನಾನು ಸ್ಟೂಲಿನಿಂದ ಇಳಿಯುತ್ತೇನೆ. ನೀನು ಬರುವ ತನಕ ಅವಳು ಕೂರಲಿ, ಬಂದ ಮೇಲೆ ನೀವಿಬ್ಬರೂ ಹಂಚಿಕೊಳ್ಳಿ. ನಾನು ಕತ್ತರಿಸುವ ಕೆಲಸ ಕಲಿಯುತ್ತೇನೆ, ಅಂಚು ಸೊಟ್ಟ ಬಂದರೆ ಬೈಯಿರಿ. ಮರುದಿನ ಬೆಳಗ್ಗೆ ಎದ್ದು ಮಾಡಲು ಅಷ್ಟು ಕೆಲಸವಿದ್ದರೆ ನನಗೆ ಸಾಕು.

ಈ ಕಾಗದವನ್ನು ಅಂಚೆಗೆ ಹಾಕಲು ಹೊರಟಿರುವವಳು ಅವಳೇ, ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ಕಾಯುತ್ತಿದ್ದಾಳೆ. ಲಕೋಟೆಗೆ ಗೋಂದು ಹಚ್ಚದೆ ಅವಳ ಕೈಗೆ ಕೊಡುತ್ತಿದ್ದೇನೆ. ನಿನಗಿಂತ ಮೊದಲು ಅವಳೇ ಓದಲಿ.